ಪಂಪಿನ ಕೆಳಗಿನ ತಗಡು

ನಾನು ಮರದ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದ ಕಾಲದಲ್ಲಿ ಗರಗಸದ ಬ್ಲೇಡಿಗೆ ನನ್ನ ಹತ್ತು ದಿನದ ಸಂಬಳ ಬೀಳುತ್ತಿತ್ತು. ಬೆಲ್ಟಿಗೆ ಒಂದೂವರೆ ತಿಂಗಳದ್ದು. ಡೀಸೆಲ್ ಇಂಜಿನ್ನಿನ ಬೆಲೆ ಕೇಳುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ. ಅದಕ್ಕೆ ಡೀಸೆಲ್ ಚಿಮ್ಮಿಸುವ ಪಂಪಿನ ಕೆಳಗೆ ಕೂರಿಸುವ ತೆಳು ತಗಡಿಗೆ ಮಾತ್ರ ಅರ್ಧ ಲೋಟ ಚಹಾದ ಬೆಲೆ. ಅಂಥ ಒಂದು ತಗಡಿನಿಂದ ನನ್ನ ಅಣ್ಣನ ಬಲಗೈ ಹೋಯಿತು.

ಇಂಜಿನ್ ಒಂಟಿ ಸಿಲಿಂಡರಿನದು, ಸೊಂಟದೆತ್ತರದ ಎರಡು ಚಕ್ರ. ನಮ್ಮಲ್ಲಿಗೆ ಬರುವ ಮೊದಲು ಸರಕಿನ ದೋಣಿಯಲ್ಲಿತ್ತು, ಅದಕ್ಕೂ ಮೊದಲು ಐಸ್ ಕಾರ್ಖಾನೆಯಲ್ಲಿ. ಅದನ್ನು ಚಾಲು ಮಾಡುವುದು ಅಣ್ಣನ ಕೆಲಸ. ಮೇಲಿನ ಸಣ್ಣ ಲಿವರ್ ಎತ್ತಿ, ಹ್ಯಾಂಡಲ್ ಹಾಕಿ, ಚಕ್ರಕ್ಕೆ ವೇಗ ಬರುವ ತನಕ ತಿರುಗಿಸಿ, ಲಿವರ್ ಬೀಳಿಸಬೇಕು, ಆಗ ಇಂಜಿನ್ ಚಾಲು ಆಗುತ್ತದೆ. ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲೇ ಇರಬೇಕು. ಹ್ಯಾಂಡಲನ್ನು ಸುತ್ತಿ ಹಿಡಿಯಬಾರದು. ಇಂಥ ಇಂಜಿನ್ ಒಮ್ಮೊಮ್ಮೆ ಹಿಂದಕ್ಕೆ ಒದೆಯುವುದುಂಟು, ಆಗ ಕೈ ತಟ್ಟನೆ ಕಳಚಿಕೊಳ್ಳಬೇಕು.

ಆ ವರ್ಷ ದಪ್ಪ ದಿಮ್ಮಿಗಳು ಬಂದವು. ಗರಗಸ ಅರ್ಧಕ್ಕೇ ನಿಂತುಬಿಡುತ್ತಿತ್ತು.

"ಮುದಿಯಾಗಿದ್ದು ಇಂಜಿನ್ನೋ, ಫಿಟ್ಟರ್ರೋ?" ಎಂದು ಮಾಲೀಕರು ಎಲ್ಲರೆದುರು ಕೇಳಿದರು. ನನಗೆ ಚುರುಕ್ಕೆಂದಿತು. ಆ ಸಂಜೆಯೇ ಪಂಪು ಬಿಚ್ಚಿ, ಕೆಳಗಿದ್ದ ಮೂರು ತಗಡುಗಳಲ್ಲಿ ಒಂದನ್ನು ತೆಗೆದೆ. ಹಾಗೆ ಮಾಡಿದರೆ ಡೀಸೆಲ್ ಚೂರು ಮೊದಲೇ ಉರಿಯುತ್ತದೆ, ಎಳೆತ ಹೆಚ್ಚುತ್ತದೆ. ಚಾಲು ಮಾಡುವಾಗಿನ ಒದೆತವೂ ಹೆಚ್ಚುತ್ತದೆ. ಅದು ನನಗೆ ಗೊತ್ತಿತ್ತು. ಬೆಳಿಗ್ಗೆ ಅಣ್ಣನಿಗೆ ಹೇಳಿದರಾಯಿತು ಅಂದುಕೊಂಡೆ.

ಬೆಳಿಗ್ಗೆ ಕಾಲು ಗಂಟೆ ತಡವಾಗಿ ಹೋದೆ. ಅಣ್ಣ ಮರದ ಹೊಟ್ಟಿನ ಮೇಲೆ ಕೂತು ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದಿದ್ದ. ಮಣಿಕಟ್ಟು ಇರಬೇಕಾದ ದಿಕ್ಕಿಗೆ ಇರಲಿಲ್ಲ. ಎಲ್ಲರೂ ಸೇರಿ ಅವನನ್ನು ಲಾರಿಗೆ ಹತ್ತಿಸಿದರು.

"ನೀವು ನಡೀರಿ, ಡೀಸೆಲ್ ಬಂದ್ ಮಾಡಿ ಬರ್ತೀನಿ" ಅಂದೆ.

ಮಿಲ್ಲು ಖಾಲಿಯಾಯಿತು. ನಾನು ಪಂಪು ಬಿಚ್ಚಿದೆ, ತಗಡನ್ನು ಅದರ ಜಾಗಕ್ಕೆ ಕೂರಿಸಿದೆ, ಬೋಲ್ಟು ಬಿಗಿದೆ, ಕೈ ಒರೆಸಿಕೊಂಡೆ. ಆಮೇಲೆ ಆಸ್ಪತ್ರೆಗೆ ಹೋದೆ.

"ಹೆಬ್ಬೆರಳು ಸುತ್ತಿ ಹಿಡಿದಿದ್ನೇನೋ," ಅಂದ ಅಣ್ಣ, "ಗಮನ ಎಲ್ಲಿತ್ತೋ ಏನೋ."

"ಇರಬಹುದು" ಅಂದೆ.

ಮೂಳೆ ಸೊಟ್ಟಗೆ ಕೂಡಿಕೊಂಡಿತು. ಇಂಜಿನ್ ಮತ್ತೆಂದೂ ಒದೆಯಲಿಲ್ಲವಾದ್ದರಿಂದ ತಪ್ಪು ಅಣ್ಣನದೇ ಎಂದು ಮಿಲ್ಲಿಗೆಲ್ಲ ಖಾತ್ರಿಯಾಯಿತು. ಅಣ್ಣನಿಗೂ ಆಯಿತು. ಅವನು ಹ್ಯಾಂಡಲ್ ಮುಟ್ಟುವುದನ್ನೇ ಬಿಟ್ಟು ಹಲಗೆ ಎಣಿಸುವ ಕೆಲಸಕ್ಕೆ ಹೋದ. ಮನೆಯಲ್ಲಿ ಅವನ ಕೈಯಿಂದ ಲೋಟ ಜಾರಿದರೆ ಅತ್ತಿಗೆ, "ಹೆಬ್ಬೆರಳು ಎಲ್ಲಿಟ್ಟಿದ್ರಿ?" ಅನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು, ಅಣ್ಣನೂ ನಗುತ್ತಿದ್ದ. ಇಪ್ಪತ್ತೆರಡು ವರ್ಷ ನಾನೂ ನಕ್ಕೆ.

ಮಿಲ್ಲಿಗೆ ಕರೆಂಟಿನ ಮೋಟರು ಬಂದು ಎಷ್ಟೋ ಕಾಲವಾಗಿದೆ. ಹೋದ ತಿಂಗಳು ಆ ಇಂಜಿನ್ನನ್ನು ಕೊಳ್ಳಲು ಒಬ್ಬ ಹಳೇ ಲಾರಿ ಡ್ರೈವರ್ ಬಂದರು. ರಸ್ತೆ ರೋಲರಿನದು, ದೋಣಿಯದು, ಜನರೇಟರಿನದು ಅಂತ ಭಾರಿ ಇಂಜಿನ್‌ಗಳನ್ನು ಶೆಡ್ಡಿನ ತುಂಬ ಕೂಡಿಟ್ಟುಕೊಂಡ ಮನುಷ್ಯ. ಚಾಲು ಮಾಡುವ ಬಗೆ ತಿಳಿಸಲು ಮಾಲೀಕರು ನಮ್ಮಿಬ್ಬರನ್ನೂ ಕರೆಸಿದ್ದರು. ಅಣ್ಣ ಸೊಟ್ಟ ಕೈ ಮುಂದೆ ಚಾಚಿದ.

"ಇದನ್ನ ಮೊದ್ಲು ನೋಡ್ಕೊಳ್ಳಿ. ಇಂಜಿನ್ ಮೋಸ ಮಾಡೋದಲ್ಲ. ನಾನು ದಡ್ಡ."

"ನೀವೇ ಒಂದ್ಸಲ ತಿರುಗಿಸಿ ತೋರಿಸಿ, ಯಜಮಾನ್ರೇ" ಅಂದರು ಡ್ರೈವರ್.

"ಅಯ್ಯೋ ಬೇಡ. ಈ ಕೈನ ನಾನೇ ನಂಬಲ್ಲ."

ಆ ಮಾತು ಕೇಳಿ ನನ್ನಿಂದ ಸುಮ್ಮನಿರಲಾಗಲಿಲ್ಲ.

"ಅಣ್ಣಾ, ಹೆಬ್ಬೆರಳಲ್ಲ. ನಿನ್ನ ಕೈ ಮುರಿದ ಹಿಂದಿನ ಸಂಜೆ ನಾನು ಪಂಪಿನ ಕೆಳಗಿಂದ ಒಂದು ತಗಡು ತೆಗೆದಿದ್ದೆ. ನಿನಗೆ ಹೇಳಿರಲಿಲ್ಲ."

ಅಣ್ಣ ಪಂಪನ್ನೇ ನೋಡಿದ. "ಆಮೇಲೆ ಒದೀಲೇ ಇಲ್ವಲ್ಲೋ ಇದು."

"ವಾಪಸ್ ಹಾಕಿದೆ."

"ಯಾವಾಗ?"

"ಅವತ್ತೇ. ನಿನ್ನ ಲಾರೀಲಿ ಕರ್ಕೊಂಡು ಹೋದ ಮೇಲೆ."

"ಅಂದ್ರೆ, ಆಸ್ಪತ್ರೆಗೆ ಬರೋಕೆ ಮುಂಚೆ."

"ಹೂಂ."

ಡ್ರೈವರ್ ತಮ್ಮ ಲಾರಿಯ ಟೈರು ನೋಡುವ ನೆಪದಲ್ಲಿ ದೂರ ಹೋದರು. ಅಣ್ಣ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗೋಡೆಗೆ ತೂಗುಹಾಕಿದ್ದ ಹ್ಯಾಂಡಲ್ ತಂದು ಎಡಗೈಯಲ್ಲಿ ಹಿಡಿದ. ಹೆಬ್ಬೆರಳು ಉಳಿದವುಗಳ ಪಕ್ಕದಲ್ಲೇ ಇತ್ತು.

"ಲಿವರ್ ನೀನು ಬೀಳ್ಸು," ಅಂದ. "ನಾನು ಹೇಳಿದಾಗ. ಮುಂಚೆ ಅಲ್ಲ."

ಮೊದಲ ಸಲ ಬರೀ ಹೊಗೆ. ಎರಡನೇ ಸಲ ಇಂಜಿನ್ ಗುಡುಗಿ ಚಾಲು ಆಯಿತು. ನೆಲ ನಡುಗಿತು, ಕಪಾಟಿನ ಮೊಳೆ ಡಬ್ಬಿಗಳು ಗಲಗಲ ಅಂದವು. ಅಣ್ಣ ಕಣ್ಣುಮುಚ್ಚಿ ಅದನ್ನು ಕೇಳುತ್ತ ನಿಂತ. ಆಮೇಲೆ ನಿಲ್ಲಿಸಿ ಡ್ರೈವರನ್ನು ಕೂಗಿದ.

"ತಗೊಂಡು ಹೋಗಿ. ಒಳ್ಳೇ ಇಂಜಿನ್."

ಹ್ಯಾಂಡಲನ್ನು ಅವರ ಕೈಗಿಟ್ಟು ಗೇಟಿನ ಕಡೆ ನಡೆದ.

ಈಗ ಅಣ್ಣ ವಾರಕ್ಕೆರಡು ದಿನ ಆ ಶೆಡ್ಡಿಗೆ ಹೋಗಿ ಇಂಜಿನ್‌ಗಳನ್ನು ಚಾಲು ಮಾಡುತ್ತಾನಂತೆ. ಅತ್ತಿಗೆ ಹೆಬ್ಬೆರಳಿನ ತಮಾಷೆ ಬಿಟ್ಟಿದ್ದಾರೆ. ಅಣ್ಣನಿಗೆ ತನ್ನ ಕೈಯ ಮೇಲಿನ ನಂಬಿಕೆ ವಾಪಸ್ ಸಿಕ್ಕಿತು, ಕಳೆದುಹೋದ ಇಪ್ಪತ್ತೆರಡು ವರ್ಷಗಳು ಸಿಗಲಿಲ್ಲ. ದಿನಾ ಸಂಜೆ ಚಹಾಕ್ಕೆ ನನ್ನ ಮನೆಗೆ ಬರುತ್ತಿದ್ದ ಅವನು ಈಗ ಬರುವುದಿಲ್ಲ.