ಹದಿನಾಲ್ಕು ಮನೆಯ ಮಾತ್ರೆ

"ಇಷ್ಟು ಮಾತ್ರೆ ತಿಂತೀಯೋ, ಅಂಗಡೀಲಿ ಮಾರ್ಕೋತೀಯೋ?"

ತಪಾಸಣೆಗೆ ಬಂದ ಅಧಿಕಾರಿ ಬೆಂಚಿನ ಮೇಲೆ ಕೂತಿದ್ದವಳನ್ನು ಕೇಳುತ್ತ, ಬೆರಳಿಗೆ ಎಂಜಲು ಹಚ್ಚಿ ರಿಜಿಸ್ಟರ್ ತಿರುವಿದ. "ದಿನಾ ಇವಳದೇ ಹೆಸರು. ಬೇರೆ ಬಡವರೆಲ್ಲ ಸತ್ತೋದ್ರಾ? ಒಬ್ಬ ಮುಂಡೆಗೋಸ್ಕರ ಒಂದು ಆಸ್ಪತ್ರೆ ನಡೆಸ್ಬೇಕಾ?"

ನರ್ಸಮ್ಮ ಎಣಿಸಿದ ಮಾತ್ರೆಗಳನ್ನೇ ಮತ್ತೆ ಎಣಿಸತೊಡಗಿದಳು.

ಬೆಂಚಿನ ಮೇಲಿದ್ದವಳನ್ನು ಸಾಲುಮನೆಯವರು ಮಾತ್ರೆಯಕ್ಕ ಎನ್ನುತ್ತಿದ್ದರು. ಹದಿನಾಲ್ಕು ಮನೆಯವರೂ ಲಾಂಡ್ರಿಯಲ್ಲಿ ದೊಡ್ಡಾಸ್ಪತ್ರೆಯ ಚಾದರ ಒಗೆಯುವವರು. ವಿಮೆಯ ಕಾರ್ಡಿಲ್ಲದ ಅವರನ್ನು ಆ ಆಸ್ಪತ್ರೆಯ ಗೇಟಿನೊಳಗೆ ಬಿಡುತ್ತಿರಲಿಲ್ಲ. ಅವರು ಒಗೆದ ಚಾದರ ಮಾತ್ರ ಒಳಗೆ ಹೋಗುತ್ತಿತ್ತು. ಕಾರ್ಡು ಕೇಳದ ಜಾಗವೆಂದರೆ ಈ ಎರಡು ಕೋಣೆಯ ಆರೋಗ್ಯ ಕೇಂದ್ರವೊಂದೇ. ಇಲ್ಲಿಗೆ ಬರಬೇಕಾದರೆ ಅರ್ಧ ದಿನದ ಕೆಲಸ ಬಿಡಬೇಕು. ಇಸ್ತ್ರಿ ಯಂತ್ರಕ್ಕೆ ಮೂರು ಬೆರಳು ಕೊಟ್ಟು ಮನೆ ಸೇರಿದ ಮೇಲೆ, ಎಲ್ಲರ ಪರವಾಗಿ ಬಂದು ಕೂರುವುದು ಅವಳ ಪಾಲಿಗೆ ಬಂತು. ತನ್ನ ಹೆಸರಿನಲ್ಲೇ ಎಲ್ಲರದನ್ನೂ ತರುವಳು. ನರ್ಸಮ್ಮ ಕಂಡೂ ಕಾಣದಂತೆ ಕೊಡುವಳು. ಅದರಿಂದ ರಿಜಿಸ್ಟರಿನಲ್ಲಿ ಕೇಂದ್ರ ಖಾಲಿ ಹೊಡೆಯುತ್ತಿರುವಂತೆ ಕಾಣುತ್ತದೆಂದು ಯಾರಿಗೂ ಹೊಳೆದಿರಲಿಲ್ಲ.

ಮಾತ್ರೆಗೆ ಬರುವವರನ್ನು ಬಿಟ್ಟರೆ ಅವಳ ಬಾಗಿಲು ತಟ್ಟುವವರೂ ಇರಲಿಲ್ಲ.

"ಎಲ್ಲಾ ನಮ್ಮ ಸಾಲಿನೋರದು ಸಾಹೇಬ್ರೆ. ಎದೆನೋವಿಂದು, ಉಬ್ಬಸದ್ದು..."

"ಹಂಗಾದ್ರೆ ಕರ್ಕೊಂಬಾ. ಐದು ಗಂಟೆವರೆಗೂ ಇರ್ತೀನಿ. ನಿನ್ನೂ ಸೇರ್ಸಿ ಐದೇ ಜನ, ಅವರವರ ಮುಖ ಹೊತ್ಕೊಂಡು ಬರ್ಲಿ. ಇಲ್ಲಾಂದ್ರೆ ಬೀಗ. ಸಾಮಾನು ಸಾಗ್ಸೋಕೆ ಲಾರಿಗೂ ಹೇಳಿದೀನಿ."

ಲಾಂಡ್ರಿಯ ಹಬೆಯಲ್ಲಿ ಯಾರ ಮುಖವೂ ಸರಿಯಾಗಿ ಕಾಣುತ್ತಿರಲಿಲ್ಲ. ಅವಳು ಹೇಳಿದ್ದನ್ನು ಕೇಳಿ ಮೇಸ್ತ್ರಿ ನಕ್ಕ. "ಹೋಗೋರು ಧಾರಾಳವಾಗಿ ಹೋಗಿ. ನಾಳೆ ಬರೋ ತೊಂದ್ರೆ ತಗೋಬೇಡಿ."

ಪಕ್ಕದ ಮನೆಯವಳು ಚಾದರ ಹಿಂಡುತ್ತಲೇ, "ನೀನೇ ಹೋಗ್ಬಾ ಅಕ್ಕ. ನೀನಿದೀಯಲ್ಲ," ಎಂದಳು. ಉಬ್ಬಸದ ಮುದುಕ ಮೇಸ್ತ್ರಿಗೆ ಕೇಳಿಸದ ಹಾಗೆ ಕೆಮ್ಮು ನುಂಗಿಕೊಂಡ. ಬೈಯಲು ಅವಳಿಗೆ ಬಾಯಿ ಬರಲಿಲ್ಲ. ಬೆರಳಿದ್ದಾಗ ತಾನೂ ಹೀಗೇ ತಲೆ ತಗ್ಗಿಸಿ ಹಿಂಡಿದವಳು.

ಐದಕ್ಕೆ ಒಬ್ಬಳೇ ಮರಳಿದಳು.

"ಎಲ್ಲೇ ನಿನ್ನ ಪಟಾಲಂ?"

ಅವಳು ಹೋಗಿ ಬೆಂಚಿನ ಮೇಲೆ ಕೂತಳು. ಲಾರಿಯ ಹಮಾಲರು ತೂಕದ ಯಂತ್ರ ಹೊತ್ತರು, ಮಂಚ ಹೊತ್ತರು, ಔಷಧಿಯ ಬೀರು ಹೊತ್ತರು. ಕೊನೆಗೆ ಬೆಂಚಿನ ಬಳಿ ಬಂದು ನಿಂತರು.

"ಏಳಕ್ಕ."

"ನನ್ನ ಸರದಿ ಬಂದಿಲ್ಲ."

"ಎಳೆದು ಹಾಕ್ರೋ ಆ ಬೋಳೀನ," ಎಂದ ಅಧಿಕಾರಿ.

ಹಮಾಲರಲ್ಲಿ ಹಿರಿಯವನು ಬಗ್ಗಿ ಪಿಸುಗುಟ್ಟಿದ. "ಕೈ ಮುಗೀತೀನಿ ತಾಯಿ. ನಮ್ಮ ಹೊಟ್ಟೆಮೇಲೆ ಹೊಡೀಬೇಡ."

"ನಿನ್ನ ಕೆಲಸ ನೀನು ಮಾಡಪ್ಪ. ಎತ್ತು."

ಅವರು ಅವಳ ಮೈ ಮುಟ್ಟಲಿಲ್ಲ. ಬೆಂಚಿನ ಸಮೇತ ಎತ್ತಿದರು. ಅಂಥ ಭಾರವೇನೂ ಇರಲಿಲ್ಲ. ಅಧಿಕಾರಿ ಕಿರುಚುತ್ತಿದ್ದಂತೆಯೇ ಲಾರಿಯಲ್ಲಿ ಮಂಚಕ್ಕೂ ಬೀರುವಿಗೂ ನಡುವೆ ಇಳಿಸಿದರು. ಚಾಲಕ ಹಿಂತಿರುಗಿಯೂ ನೋಡದೆ ಗಾಡಿ ಬಿಟ್ಟ.

ಲಾಂಡ್ರಿಯ ಗೇಟಿನ ಬಳಿ ಲಾರಿ ನಿಧಾನಿಸಿತು. ಕೆಲಸ ಬಿಟ್ಟು ಹೊರಬರುತ್ತಿದ್ದವರು ನಿಂತಲ್ಲೇ ನಿಂತರು. ಯಾರೂ ಕರೆಯಲಿಲ್ಲ. ಅವಳೂ ಕರೆಯಲಿಲ್ಲ. ಬೆಂಚಿನ ಒಂದು ತುದಿಗೆ ಸರಿದು, ಇನ್ನು ನಾಲ್ವರಿಗೆ ಆಗುವಷ್ಟು ಜಾಗ ಬಿಟ್ಟು ಕೂತಳು.