ಎಂಟು ನಿಮಿಷ

ಮೂರನೆಯ ಫೋಟೊ ಡಬ್ಬಿಯನ್ನೂ ಅತ್ತೆ ಚಾಪೆಯ ಮೇಲೆ ಸುರಿದರು. ಹೊಸ ದಂಪತಿಗಳು, ಹೊಟ್ಟೆ ಒಳಗೆಳೆದುಕೊಂಡ ಅಧಿಕಾರಿಗಳು, ಅಳುವ ಕೂಸುಗಳು. ಎಲ್ಲರ ಬೆನ್ನ ಹಿಂದೆ ಅದೇ ಹಳೆಯ ಕಲ್ಲಿನ ಕಮಾನು. ಅವನ್ನೆಲ್ಲ ತೆಗೆದವರದು ಮಾತ್ರ ಒಂದೂ ಇಲ್ಲ. ಅವರು ಪಕ್ಕದ ಕೋಣೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದರು. ನಾಲ್ಕು ಗಂಟೆಗೆ ಸ್ಮಶಾನದ ಗಾಡಿ ಬರುವುದಿತ್ತು, ಅಷ್ಟರೊಳಗೆ ತಲೆಯ ಬಳಿ ಇಡಲು ಒಂದು ಫೋಟೊ ಬೇಕಿತ್ತು.

"ದೀಪದ ಬುಡದಲ್ಲೇ ಕತ್ತಲೆ ಅಂತಾರಲ್ಲ, ಹಾಗಾಯ್ತು," ಎಂದ ಪಕ್ಕದ ಅಂಗಡಿಯ ದರ್ಜಿ.

ಊರ ನಡುವಿನ ಆ ಕಮಾನಿನ ಕೆಳಗೆ ನಲವತ್ತು ವರ್ಷ ನಿಂತು, ಬಂದುಹೋಗುವವರ ಫೋಟೊ ತೆಗೆದ ಮನುಷ್ಯ. ಹೆಸರು ಹೇಳಿದರೆ ಅಂಚೆಯವನಿಗೂ ತಿಳಿಯುತ್ತಿರಲಿಲ್ಲ. 'ಅಲ್ಲಾಡಬೇಡಿ' ಎಂದರೆ ಮಕ್ಕಳೂ ಮನೆ ತೋರಿಸುತ್ತಿದ್ದರು. ಗುಂಡಿ ಒತ್ತುವ ಮುನ್ನ ಎಲ್ಲರಿಗೂ ಅದನ್ನೇ ಹೇಳಿ ಹೇಳಿ ಅದೇ ಅವರ ಹೆಸರಾಗಿಬಿಟ್ಟಿತ್ತು.

ಬಾಗಿಲ ಬಳಿ ಗೋಡೆಗೊರಗಿ ನಿಂತಿದ್ದಳು ಅವರ ಅಕ್ಕನ ಮಗಳು. ಅವರ ಕೈಕೆಳಗೇ ಕ್ಯಾಮೆರಾ ಹಿಡಿಯಲು ಕಲಿತು, ಈಗ ಅವರಿಗಿಂತ ದೊಡ್ಡ ಹೆಸರು ಮಾಡಿದವಳು. ಮಾವನ ಫೋಟೊ ಒಂದಿದೆ, ತನ್ನ ಬಳಿಯೇ ಇದೆ ಎನ್ನುವುದು ಅವಳಿಗೆ ಗೊತ್ತಿತ್ತು. ಹೇಳಲು ಬಾಯಿ ಬರಲಿಲ್ಲ.

ಕೊನೆಕೊನೆಗೆ ಅವರು ಕ್ಯಾಮೆರಾ ಮುಟ್ಟುವುದನ್ನೇ ಬಿಟ್ಟದ್ದೇಕೆಂದು ದರ್ಜಿ ಕೇಳಿದ.

"ಕೈ ನಡುಗತ್ತೆ ಅಂತಿದ್ರು," ಎಂದರು ಅತ್ತೆ. "ನನ್ನ ಕಣ್ಣಿಗೆ ಒಂದು ದಿನವೂ ಕಾಣ್ಲಿಲ್ಲ. ಕೇಳಿದ್ರೆ, ನಿನಗೆ ಕಾಣಲ್ಲ, ಕ್ಯಾಮೆರಾಗೆ ಕಾಣತ್ತೆ ಅನ್ನೋರು. ಎರಡು ವರ್ಷ ಕೈಯನ್ನ ಜೇಬಿಂದ ಆಚೆ ತೆಗೀಲಿಲ್ಲ."

ಅಕ್ಕನ ಮಗಳು ಗೋಡೆ ಬಿಟ್ಟು ನೆಟ್ಟಗೆ ನಿಂತಳು. ವಯಸ್ಸಾಯಿತೆಂದು ಬಿಟ್ಟಿದ್ದಾರೆ ಎಂದೇ ಅವಳು ನಂಬಿಕೊಂಡಿದ್ದಳು. ಹಾಗೆ ನಂಬುವುದು ಸುಲಭವೂ ಆಗಿತ್ತು.

*

ಎರಡು ವರ್ಷದ ಹಿಂದೆ ಅವಳಿಗೆ ಕಮಾನಿನ ಹುಚ್ಚು ಹಿಡಿದಿತ್ತು. ಜನ ನೋಡಿ ನೋಡಿ ಸವೆಸಿದ್ದನ್ನು ಹೊಸದಾಗಿ ತೋರಿಸಬೇಕು ಎಂಬ ಹಟ. ನಿಂತ ಮಳೆನೀರಿನಲ್ಲಿ ತಲೆಕೆಳಗಾಗಿ ತೆಗೆದಳು, ನೆಲಕ್ಕೆ ಮಲಗಿ ತೆಗೆದಳು, ಲೆನ್ಸೇ ಇಲ್ಲದ, ಸೂಜಿಯಷ್ಟು ತೂತಿನ ಡಬ್ಬಿಯಲ್ಲೂ ತೆಗೆದಳು. ನೀನು ಕಮಾನಿಗೇ ತಲೆ ತಿರುಗಿಸುತ್ತೀಯೆಂದು ಮಾವ ನಗುತ್ತಿದ್ದರು. ಕೊನೆಗೆ ಲೆನ್ಸಿಗೆ ಕಪ್ಪು ಗಾಜು ಹಾಕಿ, ಒಂದೇ ಚಿತ್ರಕ್ಕೆ ಎಂಟು ನಿಮಿಷ ಕ್ಯಾಮೆರಾದ ಕಣ್ಣು ತೆರೆದಿಡುವುದೆಂದು ನಿಶ್ಚಯಿಸಿದಳು. ಹಾಗೆ ಮಾಡಿದರೆ ಓಡಾಡುವವರು ಯಾರೂ ಮೂಡುವುದಿಲ್ಲ. ನಿಂತದ್ದು ಮಾತ್ರ ಉಳಿಯುತ್ತದೆ.

"ಹಾಗಾದ್ರೆ ನಾನು ನಿಂತ್ಕೋತೀನಿ," ಎಂದ ಮಾವ ತಮ್ಮ ಮಾಮೂಲಿ ಜಾಗದಲ್ಲಿ, ಎದೆಗೆ ಕ್ಯಾಮೆರಾ ಹಿಡಿದು ನಿಂತರು. ಮೂಗಿನ ಮೇಲೆ ನೊಣ ಕೂತರೂ ಮಿಸುಕಲಿಲ್ಲ.

ಚಿತ್ರದಲ್ಲಿ ನೂರಾರು ಜನ ಮಾಯವಾಗಿದ್ದರು. ಮಾವ ಒಬ್ಬರೇ ಉಳಿದಿದ್ದರು. ಅವಳಿಗೆ ಬೇಕಾಗಿದ್ದದ್ದು ಯಾರೂ ಇಲ್ಲದ ಕಮಾನು. ಕಂಪ್ಯೂಟರಿನಲ್ಲಿ ಅವರನ್ನು ಅಳಿಸಲು ಕಾಲು ಗಂಟೆಯೂ ಹಿಡಿಯಲಿಲ್ಲ.

ಬಹುಮಾನ ಬಂತು. ಪ್ರದರ್ಶನಕ್ಕೆ ಮಾವ ಇಸ್ತ್ರಿಯ ಅಂಗಿ ತೊಟ್ಟು ಬಂದು, ಕನ್ನಡಕ ಒರೆಸಿ ಒರೆಸಿ ತಮ್ಮನ್ನು ಹುಡುಕಿದರು.

"ನಾನೆಲ್ಲೇ?"

ಸುತ್ತ ದೊಡ್ಡ ದೊಡ್ಡವರು ನಿಂತಿದ್ದರು. "ಅಲ್ಲಾಡಿಬಿಟ್ರಿ ಅನ್ಸತ್ತೆ ಮಾವ," ಎಂದಳು.

ಅವರು ನಕ್ಕರು. ಆಮೇಲೆ ತಮ್ಮ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡರು.

*

ಮೂರೂವರೆಗೆ ಅವಳು ತನ್ನ ಸ್ಟುಡಿಯೊದಿಂದ ಏದುಸಿರು ಬಿಡುತ್ತ ಬಂದು ಅತ್ತೆಯ ಮುಂದೆ ಕುಳಿತಳು. ಅಳಿಸುವ ಮೊದಲಿನ ಚಿತ್ರವನ್ನು ಆಗಷ್ಟೇ ಮುದ್ರಿಸಿದ್ದ ಅಗಲವಾದ ಹಾಳೆಯನ್ನು ಚಾಪೆಯ ಮೇಲೆ ಬಿಡಿಸಿದಳು.

"ಅವತ್ತು ಮಾವ ಅಲ್ಲಾಡಿರಲಿಲ್ಲ ಅತ್ತೆ. ನಾನೇ ಅಳಿಸಿದ್ದು. ಸುಳ್ಳು ಹೇಳಿದೆ."

ಅತ್ತೆ ಹಾಳೆಯನ್ನು ಹತ್ತಿರಕ್ಕೆಳೆದುಕೊಂಡು ನೋಡಿದರು. ಬೆರಳು ಮಾವನ ಅಂಗಿಯ ಕೊನೆಯ ಗುಂಡಿಯ ಮೇಲೆ ನಿಂತಿತು. ಬಿಳಿಯದು ಸಿಗದೆ ತಾವೇ ಹೊಲಿದುಕೊಟ್ಟಿದ್ದ ಕಪ್ಪು ಗುಂಡಿ. ಅದೂ ಸ್ಪಷ್ಟವಾಗಿ ಮೂಡಿತ್ತು.

"ಅವರಿದ್ದಾಗ ನಿನ್ನ ಬಾಯಿಗೇನಾಗಿತ್ತು?" ಎಂದರು. "ಹೋಗು, ತಲೆ ಹತ್ರ ಹಿಡ್ಕೊಂಡು ನಿಂತ್ಕೋ. ಕೇಳಿದೋರಿಗೆಲ್ಲ ನೀನೇ ಹೇಳು."

ಅವಳು ಹಿಡಿದು ನಿಂತಳು. ಮೊದಲು ಬಂದವನು ದರ್ಜಿ. ಬಗ್ಗಿ ನೋಡಿದ, ಕನ್ನಡಕ ಏರಿಸಿಕೊಂಡು ಮತ್ತೆ ನೋಡಿದ.

"ಅಲ್ಲಾಡಿಸ್ಬೇಡಮ್ಮ," ಎಂದ ಮೆಲ್ಲಗೆ, "ಮುಖ ಕಾಣ್ತಿಲ್ಲ."

ಅವಳು ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು ಉಸಿರು ಬಿಗಿಹಿಡಿದಳು. ದರ್ಜಿಯ ಹಿಂದೆ ಸಾಲು ಬಾಗಿಲು ದಾಟಿ ಬೀದಿಯವರೆಗೆ ಬೆಳೆದಿತ್ತು. ಹಾಳೆ ಪಟಪಟನೆ ಬಡಿದುಕೊಳ್ಳುತ್ತಲೇ ಇತ್ತು.