ಮೂರು ಬಡಿತ, ಒಂದು ಬಿಡುವು

ನನ್ನ ಕಿವಿಯ ಬಗ್ಗೆ ನನಗೆ ಸ್ವಲ್ಪ ಹೆಚ್ಚೇ ಜಂಭ. ಪಕ್ಕದ ಮನೆಯ ಫ್ರಿಜ್ ಯಾವಾಗ ಶುರುವಾಯಿತು, ನಮ್ಮ ಫ್ಯಾನಿನ ಬೇರಿಂಗ್ ಇನ್ನೆಷ್ಟು ದಿನ ಬಾಳುತ್ತದೆ, ಎಲ್ಲ ಹೇಳಬಲ್ಲೆ. ಕರೆದದ್ದೊಂದು ಬಿಟ್ಟು ಇವನಿಗೆ ಮಿಕ್ಕಿದ್ದೆಲ್ಲ ಕೇಳಿಸುತ್ತೆ ಎಂದು ಅಕ್ಕ ಆಡಿಕೊಳ್ಳುತ್ತಾಳೆ.

ಆ ಮಧ್ಯಾಹ್ನ ಔಷಧಿ ತರಲು ಹೊರಟ ಅಕ್ಕ, ಅಮ್ಮನನ್ನು ನನಗೆ ಒಪ್ಪಿಸಿ ಹೋದಳು. ಅಮ್ಮನಿಗೆ ಸೊಂಟದ ಆಪರೇಷನ್ ಆಗಿ ಹನ್ನೆರಡು ದಿನವಾಗಿತ್ತು. ಒಬ್ಬರೇ ಏಳಕೂಡದು, ಬಿದ್ದರೆ ಮತ್ತೆ ನಡೆಯುವ ಆಸೆ ಬಿಡಬೇಕು ಎಂದು ಡಾಕ್ಟರು ಹೆದರಿಸಿದ್ದರು. ಏನಾದರೂ ಬೇಕಾದರೆ ಊರುಗೋಲಿನಿಂದ ನೆಲಕ್ಕೆ ಮೂರು ಸಲ ಬಡಿಯುವುದೆಂದು ಮಾತಾಗಿತ್ತು.

ಅಮ್ಮನಿಗೆ ನಿದ್ದೆ ಹತ್ತಿತು. ನಾನು ಪಕ್ಕದಲ್ಲಿದ್ದ ನನ್ನ ಕೋಣೆಗೆ ಹೋದೆ. ಗೋಡೆಗೆಲ್ಲ ಸ್ಪಂಜು ಹೊಡೆದು, ಬಾಗಿಲ ಸಂದಿಗೆ ರಬ್ಬರು ಪಟ್ಟಿ ಅಂಟಿಸಿ, ಆರು ತಿಂಗಳು ಒದ್ದಾಡಿ ಸಿದ್ಧಮಾಡಿದ ರೆಕಾರ್ಡಿಂಗ್ ಕೋಣೆ. ಕೆಲಸ ಹಿಂದಿನ ದಿನವಷ್ಟೇ ಮುಗಿದಿತ್ತು. ಒಳಗೆ ಎಷ್ಟು ನಿಶ್ಶಬ್ದವಿದೆ ಎಂದು ಅಳೆಯದೆ ಮನಸ್ಸು ತಡೆಯಲಿಲ್ಲ. ಐದೇ ನಿಮಿಷ ಎಂದುಕೊಂಡು ಬಾಗಿಲು ಹಾಕಿದೆ. ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಹೆಡ್‌ಫೋನ್ ಏರಿಸಿ ರೆಕಾರ್ಡಿಂಗ್ ಶುರುಮಾಡಿದೆ.

ಪರದೆಯ ಮೇಲಿನ ಗೆರೆ ಅಲ್ಲಾಡದೆ ಮಲಗಿತ್ತು. ಸ್ವಲ್ಪ ಹೊತ್ತಿಗೆ ಕಿವಿಯಲ್ಲಿ ಗುಡುಗುಡು. ನೆಲದಿಂದ ಬರುತ್ತಿದ್ದ ತಗ್ಗು ಸ್ಥಾಯಿಯ ಸದ್ದು. ಕೆಳಗಿನ ನೀರಿನ ಪಂಪು ನನ್ನ ಆರು ತಿಂಗಳ ದುಡಿಮೆಗೆ ಮಣ್ಣು ಹಾಕಿತೆಂದು ಮೈಯೆಲ್ಲ ಉರಿಯಿತು. ಇಂಥದ್ದಕ್ಕೆ ನಮ್ಮಂಥವರ ಬಳಿ ಸುಲಭದ ಮದ್ದಿದೆ. ತಗ್ಗಿನ ಸದ್ದನ್ನು ಕಿವಿಗೆ ಬಿಡದ ಗುಂಡಿಯೊಂದಿರುತ್ತದೆ. ರೆಕಾರ್ಡಿಂಗಿನಲ್ಲಿ ಅದು ಹಾಗೆಯೇ ಉಳಿಯುತ್ತದೆ, ನಮಗೆ ಮಾತ್ರ ಕೇಳಿಸುವುದಿಲ್ಲ. ಅದನ್ನು ಒತ್ತಿದೆ. ಹಾಯೆನಿಸಿತು. ಕಣ್ಣು ಮುಚ್ಚಿ ಕುಳಿತವನಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ.

ಕಣ್ಣು ತೆರೆದಾಗ ಗೆರೆಯ ತುಂಬ ಉಬ್ಬುಗಳು, ಕೆಳಗೆ ನಿಮಿಷ ಸೆಕೆಂಡುಗಳ ಲೆಕ್ಕ. ಮೂರು, ಬಿಡುವು, ಮೂರು, ಬಿಡುವು. ಪಂಪು ಎಲ್ಲಾದರೂ ದಣಿವಾರಿಸಿಕೊಳ್ಳುತ್ತದೆಯೇ? ಕಡೆಯ ಸಲ ಎರಡೇ ಇದ್ದವು. ಅದರಾಚೆ ಏನೂ ಇರಲಿಲ್ಲ.

ಹೆಡ್‌ಫೋನ್ ಕಿತ್ತೆಸೆದು ಎದ್ದೆ. ಬಾಗಿಲು ರಬ್ಬರಿಗೆ ಕಚ್ಚಿಕೊಂಡು ಒಂದೇ ಎಳೆತಕ್ಕೆ ಬರಲಿಲ್ಲ. ಅಮ್ಮ ಮಂಚಕ್ಕೂ ಗೋಡೆಗೂ ನಡುವೆ ಬಿದ್ದಿದ್ದಳು. ಕೋಲು ಕೈತಪ್ಪಿ ಕಪಾಟಿನ ಅಡಿಗೆ ಉರುಳಿತ್ತು. ತುಟಿ ಬಿಳಿಚಿಕೊಂಡಿತ್ತು, ಕಣ್ಣು ತೆರೆದಿತ್ತು. ಕಾಲು ಮುಟ್ಟಬೇಡ ಎಂದಳು.

ಆಂಬುಲೆನ್ಸಿನವರೂ ಅಕ್ಕನೂ ಒಟ್ಟಿಗೇ ಬಂದರು. ಬಿದ್ದು ಎಷ್ಟು ಹೊತ್ತಾಯಿತು ಎಂದು ನರ್ಸು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಹೇಳಿದಳು.

"ಈಗ್ತಾನೆ ಬಿದ್ದೆ. ಬಡಿದ ತಕ್ಷಣ ಓಡಿಬಂದ ಪಾಪ."

ಅಕ್ಕ ನನ್ನ ಹೆಗಲ ಮೇಲೆ ಕೈಯಿಟ್ಟಳು. ಅವಳು ಹಾಗೆ ಕೈಯಿಟ್ಟು ಎಷ್ಟು ವರ್ಷವಾಗಿತ್ತೋ. ಆ ಕೈಯ ಭಾರ ನನ್ನಿಂದ ತಡೆಯಲಾಗಲಿಲ್ಲ.

"ಮೊದಲನೇ ಬಡಿತದಿಂದ ನಾನು ನೋಡುವವರೆಗೆ ಹನ್ನೊಂದು ನಿಮಿಷ, ನಲವತ್ತು ಸೆಕೆಂಡು," ಎಂದೆ.

ನರ್ಸು ಬರೆದುಕೊಂಡರು. ಅಕ್ಕ ಕೈ ತೆಗೆದಳು. ಸ್ಟ್ರೆಚರಿನ ಮೇಲಿದ್ದ ಅಮ್ಮ ಮೊದಲ ಸಲ ನನ್ನತ್ತ ತಿರುಗಿ ನೋಡಿದಳು.

"ಅದನ್ನೂ ಅಳೆದಿಟ್ಕೊಂಡ್ಯಾ?"